ಮನೆಗೆ ಇಲಿ ಸೇರಿದೆಯೇ? ಮುಂಬೈ ಮನೆಗಳಲ್ಲಿ ಗುರುತು ಹಿಡಿಯುವ ಬಗೆ

ಮೇ ತಿಂಗಳ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋದ ಮುಂಬೈ ಕನ್ನಡಿಗರ ಸಂಸಾರಗಳು ಶಾಲೆ ತೆರೆಯುವ ಹೊತ್ತಿಗೆ, ಅಂದರೆ ಜೂನ್ ನಡುವಿನಲ್ಲಿ, ಹಿಂದಿರುಗುತ್ತವೆ. ಮುಂಬೈಗೆ ಮಳೆ ಬರುವುದೂ ಅದೇ ಹೊತ್ತಿಗೆ. ಗಟಾರಗಳು ತುಂಬಿ ನೆಲದಡಿಯ ಬಿಲಗಳಿಗೆ ನೀರು ನುಗ್ಗಿದಾಗ ಅಲ್ಲಿದ್ದ ಇಲಿ, ಹೆಗ್ಗಣಗಳು ಒಣ ಜಾಗ ಹುಡುಕಿಕೊಂಡು ಮೇಲೇರುತ್ತವೆ. ವಾರಗಟ್ಟಲೆ ಯಾರೂ ಓಡಾಡದ, ಅಟ್ಟದ ಮೇಲೊಂದು ಕುಚ್ಚಲಕ್ಕಿಯ ಚೀಲವೂ ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ತೆಂಗಿನಕಾಯಿಯೂ ಇರುವ ಮನೆ ಅವಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಹಾಗೆಂದು ಬಾಗಿಲು ತೆರೆದೊಡನೆ ಇಲಿ ಎದುರಾಗುವುದಿಲ್ಲ. ಅದು ಇರುಳಿನ ಜೀವಿ. ಮನುಷ್ಯರ ಸದ್ದಡಗಿದ ಮೇಲೆ ಹೊರಟು, ಬೆಳಕು ಹರಿಯುವ ಮೊದಲೇ ಮರೆಯಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಇಲಿಯನ್ನು ಕಣ್ಣಾರೆ ಕಾಣುವ ವೇಳೆಗೆ ಅದು ಅಲ್ಲಿ ಬೀಡುಬಿಟ್ಟು ಬಹಳ ದಿನಗಳಾಗಿರುತ್ತವೆ. ಆದರೆ ಅದು ಬಿಟ್ಟುಹೋಗುವ ಗುರುತುಗಳು ಮೊದಲ ದಿನದಿಂದಲೇ ಸಿಗುತ್ತವೆ. ಬಂದಿರುವುದು ಯಾವ ಪ್ರಾಣಿ, ಅದು ಈಗಲೂ ಇದೆಯೋ ಹೋಗಿದೆಯೋ, ಎಲ್ಲಿಂದ ಎಲ್ಲಿಗೆ ಓಡಾಡುತ್ತಿದೆ ಎಂಬುದನ್ನು ಆ ಗುರುತುಗಳಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಅವುಗಳನ್ನು ಓದುವುದು ಹೇಗೆಂದು ಇಲ್ಲಿ ವಿವರಿಸಲಾಗಿದೆ.

ಬರುವ ಪ್ರಾಣಿ ಯಾವುದು?

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಇವೆಲ್ಲ ದಂಶಕಗಳೆಂಬ ಒಂದೇ ಗುಂಪಿಗೆ ಸೇರಿದವು. ಮೇಲ್ದವಡೆಯಲ್ಲಿ ಎರಡು, ಕೆಳದವಡೆಯಲ್ಲಿ ಎರಡು ಬಾಚಿಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದು ಈ ಗುಂಪಿನ ಲಕ್ಷಣ. ಕಡಿಯುವುದನ್ನು ನಿಲ್ಲಿಸಿದರೆ ಹಲ್ಲು ಬಾಯಿಗೆ ಮೀರಿ ಬೆಳೆದು ತಿನ್ನುವುದಕ್ಕೇ ತೊಡಕಾಗುತ್ತದೆ. ಆದ್ದರಿಂದ ಹಸಿವಿಲ್ಲದಿದ್ದರೂ, ತಿನ್ನಲಾಗದ ವಸ್ತುವಾದರೂ, ಇಲಿ ಕಡಿಯುತ್ತದೆ.

ಮುಂಬೈಯ ಮನೆಗಳಿಗೆ ಸಂಬಂಧಿಸಿದವು ಮುಖ್ಯವಾಗಿ ಮೂರು. ಮೊದಲನೆಯದು ಚಿಟ್ಟಿಲಿ, ಅಂದರೆ 15ರಿಂದ 25 ಗ್ರಾಂ ತೂಗುವ ಮನೆಯ ಸಣ್ಣ ಇಲಿ. ಇದನ್ನು ಅನೇಕರು ದೊಡ್ಡ ಇಲಿಯ ಮರಿಯೆಂದು ತಪ್ಪಾಗಿ ತಿಳಿಯುತ್ತಾರೆ. ಎರಡನೆಯದು ಕಪ್ಪಿಲಿ. ತೆಳ್ಳನೆಯ ಮೈ, ದೊಡ್ಡ ಕಿವಿ, ಮೈಗಿಂತ ಉದ್ದವಾದ ಬಾಲ ಇದರ ಗುರುತು. ಇದು ಹತ್ತುವುದರಲ್ಲಿ ನಿಸ್ಸೀಮ. ನೀರಿನ ಪೈಪು, ಕೇಬಲ್ಲಿನ ವೈರು, ಕಿಟಕಿಯ ಗ್ರಿಲ್ಲು ಹಿಡಿದು ನಾಲ್ಕನೆಯ ಮಹಡಿಗೂ ಬರಬಲ್ಲದು. ಮೂರನೆಯದು ಹೆಗ್ಗಣ, ಮರಾಠಿ ನೆರೆಯವರು ಘೂಸ್ ಎನ್ನುವ ಪ್ರಾಣಿ. ದಪ್ಪ ಮೈ, ಮೊಂಡು ಮೂತಿ, ಮೈಗಿಂತ ಗಿಡ್ಡವಾದ ಬಾಲ. ಇದು ಹತ್ತುವುದಕ್ಕಿಂತ ತೋಡುವುದರಲ್ಲಿ ಮುಂದು. ರಾತ್ರಿ ಲೋಕಲ್ ಸ್ಟೇಷನ್ನಿನ ಹಳಿಗಳ ನಡುವೆ ನಿರಾತಂಕವಾಗಿ ಓಡಾಡುವ ಇದನ್ನು ನೋಡದ ಮುಂಬೈಕರರು ಇರಲಾರರು. ಇವಲ್ಲದೆ ಬಂದರು ಪ್ರದೇಶದ ಗೋದಾಮುಗಳ ಸುತ್ತಮುತ್ತ ಕಂದು ಇಲಿಯೂ ಇದೆ. ಇದರ ಗುರುತುಗಳನ್ನು ಹೆಗ್ಗಣದ ಗುರುತುಗಳಿಂದ ಬೇರ್ಪಡಿಸುವುದು ಸಾಮಾನ್ಯರಿಗೆ ಕಷ್ಟ, ಅದರ ಅಗತ್ಯವೂ ಇಲ್ಲ.

ನಾಲ್ಕನೆಯದೊಂದು ಪ್ರಾಣಿ ಇಲಿಯ ಹೆಸರಿನಲ್ಲಿ ಮನೆಯೊಳಗೆ ಬರುತ್ತದೆಯಾದರೂ ಅದು ದಂಶಕವಲ್ಲ. ಸೊಂಡಿಲಿ ಅಥವಾ ಮೂಗಿಲಿ ಎಂದು ನಾವು ಕರೆಯುವ, ಮರಾಠಿಯಲ್ಲಿ ಚಿಚುಂದ್ರಿ ಎನಿಸಿಕೊಂಡ ಈ ಪ್ರಾಣಿಯ ಮೂತಿ ಚೂಪಾಗಿ ಮುಂದಕ್ಕೆ ಚಾಚಿರುತ್ತದೆ, ಕಣ್ಣು ತೀರ ಸಣ್ಣದು. ಇದರ ಮುಖ್ಯ ಆಹಾರ ಜಿರಲೆಯಂಥ ಹುಳುಹುಪ್ಪಟೆ. ಗೋಡೆಯ ಬುಡ ಹಿಡಿದು ಚಿಕ್ ಚಿಕ್ ಎಂದು ಸದ್ದು ಮಾಡುತ್ತ ಓಡುತ್ತದೆ, ಘಾಟು ವಾಸನೆ ಬಿಡುತ್ತದೆ, ವೈರು ಕಡಿಯುವುದಿಲ್ಲ. ಮನೆಯಲ್ಲಿರುವುದು ಸೊಂಡಿಲಿ ಎಂದು ಖಚಿತವಾದರೆ ಮಾಡಬೇಕಾದ ಕೆಲಸವೇ ಬೇರೆ: ಮೊದಲು ಜಿರಲೆಗಳನ್ನು ಕಡಿಮೆ ಮಾಡಬೇಕು.

ಹಿಕ್ಕೆ: ಎಲ್ಲಕ್ಕಿಂತ ನಂಬಿಕೆಯ ಗುರುತು

ಉಳಿದ ಗುರುತುಗಳೆಲ್ಲ ಅನುಮಾನ ಹುಟ್ಟಿಸಿದರೆ ಹಿಕ್ಕೆ ಮಾತ್ರ ಸಾಕ್ಷಿಯನ್ನೇ ಒದಗಿಸುತ್ತದೆ. ಒಂದು ಇಲಿ ದಿನವೊಂದಕ್ಕೆ ಹತ್ತಾರು ಹಿಕ್ಕೆ ಹಾಕುವುದರಿಂದ ಹುಡುಕಿದರೆ ಸಿಗದೆ ಇರುವುದಿಲ್ಲ. ಹುಡುಕಬೇಕಾದ ಜಾಗಗಳೆಂದರೆ ಗ್ಯಾಸ್ ಒಲೆಯ ಕಟ್ಟೆಯ ಕೆಳಗಿನ ಕಪಾಟು, ಸಿಂಕಿನಡಿ, ಫ್ರಿಜ್ಜಿನ ಹಿಂಭಾಗದ ಕಂಪ್ರೆಸರ್ ಇರುವ ಬಿಸಿ ಮೂಲೆ, ವಾಷಿಂಗ್ ಮೆಷಿನ್ನಿನ ಅಡಿ, ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳ ಸಂದು, ಡ್ರಾಯರುಗಳ ಹಿಂಬದಿ. ಬಯಲಿನಲ್ಲಿ, ಕೋಣೆಯ ನಡುವೆ, ಹಿಕ್ಕೆ ಸಿಗುವುದು ಕಡಿಮೆ.

ಚಿಟ್ಟಿಲಿಯ ಹಿಕ್ಕೆ 3ರಿಂದ 6 ಮಿಲಿಮೀಟರ್ ಉದ್ದವಿದ್ದು ತುದಿ ಚೂಪಾಗಿರುತ್ತದೆ. ಹೋದಲ್ಲೆಲ್ಲ ಉದುರಿಸುವುದರಿಂದ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ. ಕಪ್ಪಿಲಿಯದು ಸುಮಾರು 12 ಮಿಲಿಮೀಟರ್ ಉದ್ದ, ನಡುವೆ ತುಸು ಬಾಗಿ ಎರಡೂ ತುದಿಗಳಲ್ಲಿ ಮೊನಚಾಗಿರುತ್ತದೆ. ಹೆಗ್ಗಣ ಮತ್ತು ಕಂದು ಇಲಿಯ ಹಿಕ್ಕೆ ಅದಕ್ಕಿಂತ ದಪ್ಪ, ಉದ್ದ 2 ಸೆಂಟಿಮೀಟರಿಗೆ ಹತ್ತಿರ, ತುದಿ ಮೊಂಡು. ಒಂದೆರಡು ಕಡೆ ಗುಂಪಾಗಿ ಬಿದ್ದಿರುತ್ತದೆ.

ಗೊಂದಲ ಆಗುವುದು ಹಲ್ಲಿ ಮತ್ತು ಜಿರಲೆಯ ವಿಷಯದಲ್ಲಿ. ಹಲ್ಲಿಯ ಹಿಕ್ಕೆ ಅಳತೆಯಲ್ಲಿ ಚಿಟ್ಟಿಲಿಯದನ್ನು ಹೋಲುತ್ತದೆಯಾದರೂ ಅದರ ಒಂದು ತುದಿಗೆ ಬಿಳಿಯ ಚುಕ್ಕೆ ಅಂಟಿಕೊಂಡಿರುತ್ತದೆ. ಹಲ್ಲಿಗಳು ಮೂತ್ರವನ್ನು ನೀರಾಗಿ ಹೊರಹಾಕದೆ ಗಟ್ಟಿಯಾದ ಯೂರಿಕ್ ಆಮ್ಲದ ರೂಪದಲ್ಲಿ ಮಲದ ಜೊತೆಗೇ ಹಾಕುವುದರಿಂದ ಉಂಟಾಗುವ ಬಿಳುಪು ಅದು. ಇಲಿಯ ಹಿಕ್ಕೆಯಲ್ಲಿ ಬಿಳಿಯ ತುದಿ ಎಂದಿಗೂ ಇರದು. ದೊಡ್ಡ ಜಿರಲೆಯ ಹಿಕ್ಕೆ 3 ಮಿಲಿಮೀಟರಿಗಿಂತ ಸಣ್ಣದು, ತುದಿಗಳು ಮೊಂಡು. ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಉದ್ದುದ್ದಕ್ಕೆ ಗೀರುಗಳು ಕಾಣುತ್ತವೆ. ಸೊಂಡಿಲಿಯದಾದರೆ ಆಕಾರವಿಲ್ಲದೆ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ ಮತ್ತು ಅದರಲ್ಲಿ ಹುಳುಗಳ ರೆಕ್ಕೆ, ಕಾಲಿನ ಚೂರುಗಳು ಇರುತ್ತವೆ.

ಇನ್ನು ಹಳತೋ ಹೊಸತೋ ಎಂಬ ಪ್ರಶ್ನೆ. ತಿಂಗಳ ಬಳಿಕ ಬಾಗಿಲು ತೆರೆದವರಿಗೆ ಇದೇ ಮುಖ್ಯ, ಏಕೆಂದರೆ ಬಂದು ಹೋದ ಇಲಿಗೆ ಔಷಧಿಯ ಖರ್ಚು ಮಾಡುವುದು ವ್ಯರ್ಥ. ಹೊಸ ಹಿಕ್ಕೆ ಕಡುಗಪ್ಪಾಗಿ ಹೊಳೆಯುತ್ತದೆ, ಕಡ್ಡಿಯಿಂದ ಒತ್ತಿದರೆ ಮೆತ್ತಗಿರುತ್ತದೆ. ಹಳೆಯದು ಬೂದಿಬಣ್ಣಕ್ಕೆ ತಿರುಗಿ ಒತ್ತಿದೊಡನೆ ಪುಡಿಯಾಗುತ್ತದೆ. ಇದು ಪುಸ್ತಕದ ಲೆಕ್ಕ. ಮುಂಬೈಯ ಮಳೆಗಾಲದ ತೇವದಲ್ಲಿ ಹಳೆಯ ಹಿಕ್ಕೆಯೂ ಬೇಗ ಒಣಗದೆ ಮೋಸ ಮಾಡುವುದುಂಟು. ಆದ್ದರಿಂದ ಬಣ್ಣವನ್ನು ನೆಚ್ಚಿಕೊಳ್ಳುವುದಕ್ಕಿಂತ, ಜಾಗವನ್ನು ಪೂರ್ತಿ ಸ್ವಚ್ಛಗೊಳಿಸಿ ಮರುದಿನ ಬೆಳಿಗ್ಗೆ ಮತ್ತೆ ನೋಡುವುದು ಉತ್ತಮ. ಎರಡು ಮೂರು ಬೆಳಗು ಏನೂ ಕಾಣದಿದ್ದರೆ ಇಲಿ ಆ ಜಾಗವನ್ನು ಬಿಟ್ಟಿದೆ ಎನ್ನಬಹುದು. ಒಂದೇ ಜಾಗದಲ್ಲಿ ದೊಡ್ಡ ಮತ್ತು ಸಣ್ಣ ಅಳತೆಯ ಹಿಕ್ಕೆಗಳು ಎರಡೂ ಹೊಸದಾಗಿ ಸಿಕ್ಕಿದರೆ ಮರಿಗಳಿವೆ ಎಂದು ಅನುಮಾನಿಸಬೇಕು.

ಗೋಡೆಯಂಚಿನ ಕಪ್ಪು ಪಟ್ಟೆ

ಇಲಿಯ ದೃಷ್ಟಿ ಮಂದ. ಮೀಸೆಯ ಕೂದಲು ಒಂದು ಬದಿಯಲ್ಲಿ ಗೋಡೆಗೆ ತಾಗುತ್ತಿದ್ದರೆ ಮಾತ್ರ ಅದಕ್ಕೆ ಧೈರ್ಯ. ಹೀಗಾಗಿ ಅದು ಕೋಣೆಯನ್ನು ಅಡ್ಡಹಾಯುವುದಿಲ್ಲ. ಗೋಡೆಯ ಬುಡವನ್ನೇ ಹಿಡಿದು, ನಿನ್ನೆ ಹೋದ ದಾರಿಯಲ್ಲೇ ಇಂದೂ ಹೋಗುತ್ತದೆ. ನಿತ್ಯ ಅದೇ ಲೋಕಲ್ಲಿನ ಅದೇ ಡಬ್ಬಿಯ ಅದೇ ಬಾಗಿಲಿಗೆ ನಿಲ್ಲುವ ಡೊಂಬಿವಲಿಯ ನೌಕರನಂತೆ, ಒಮ್ಮೆ ಸುರಕ್ಷಿತವೆಂದು ಕಂಡ ದಾರಿಯನ್ನು ಅದು ಸುಲಭವಾಗಿ ಬದಲಿಸುವುದಿಲ್ಲ.

ಮೈಯ ಜಿಡ್ಡು ಮತ್ತು ಧೂಳು ಹೀಗೆ ದಿನವೂ ಒಂದೇ ಜಾಗಕ್ಕೆ ಒರಸಿ ಒರಸಿ ಅಲ್ಲೊಂದು ಕಪ್ಪು ಪಟ್ಟೆ ಮೂಡುತ್ತದೆ. ಗೋಡೆ ಮತ್ತು ನೆಲ ಸೇರುವಲ್ಲಿ, ಪೈಪು ಗೋಡೆಯನ್ನು ತೂರುವ ಕಂಡಿಯ ಅಂಚಿನಲ್ಲಿ, ಕಪಾಟಿನ ಹಿಂಬದಿಯ ಹಲಗೆಯ ಮೂಲೆಯಲ್ಲಿ ಇದನ್ನು ನೋಡಬೇಕು. ಪಟ್ಟೆ ಮೇಲ್ಮಟ್ಟದಲ್ಲಿ, ತೊಲೆ ಅಥವಾ ಪೈಪಿನ ಕೆಳಗೆ ಅರ್ಧಚಂದ್ರಾಕಾರದಲ್ಲಿ ಇದ್ದರೆ ಅದು ತೊಲೆಯ ಅಡಿಯಿಂದ ಜೋತುಬಿದ್ದು ದಾಟುವ ಕಪ್ಪಿಲಿಯದು. ಬಟ್ಟೆಯಿಂದ ಉಜ್ಜಿದರೆ ಜಿಡ್ಡಾಗಿ ಹರಡುವ ಪಟ್ಟೆ ಹೊಸದು. ಒಣಗಿ ಸಿಪ್ಪೆಯಂತೆ ಏಳುವುದು ಹಳೆಯದು. ತೇವದಿಂದ ಬಣ್ಣಗೆಟ್ಟ ಗೋಡೆಯಲ್ಲಿ ಬೂಷ್ಟನ್ನೇ ಇಲಿಯ ಪಟ್ಟೆಯೆಂದು ತಿಳಿಯುವ ಸಂಭವವಿದೆ. ಬೂಷ್ಟು ಚುಕ್ಕೆಚುಕ್ಕೆಯಾಗಿ ಎತ್ತರಕ್ಕೂ ಹರಡುತ್ತದೆ. ಇಲಿಯ ಪಟ್ಟೆ ಅದರ ಮೈಯ ಎತ್ತರವನ್ನು ಮೀರುವುದಿಲ್ಲ.

ದಾರಿ ಖಚಿತವಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಮಲಗುವ ಮುನ್ನ ಗೋಡೆಯ ಬುಡಕ್ಕೆ ತೆಳುವಾಗಿ, ಕೈಯಗಲದ ಪಟ್ಟಿಯಾಗಿ, ಟಾಲ್ಕಂ ಪೌಡರನ್ನೋ ನುಣ್ಣಗಿನ ರಂಗೋಲಿ ಪುಡಿಯನ್ನೋ ಉದುರಿಸಬೇಕು. ಗೋಧಿಹಿಟ್ಟು ಬೇಡ, ಅದು ಇಲಿಗೆ ಊಟವೇ ಆಗುತ್ತದೆ. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಸಮನಾಗಿ ಓರೆಯಾಗಿ ಹಿಡಿದು ನೋಡಿದರೆ ಹೆಜ್ಜೆಗಳು ನೆರಳಿನೊಂದಿಗೆ ಎದ್ದು ಕಾಣುತ್ತವೆ. ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು. ನಡುವೆ ಬಾಲ ಎಳೆದುಹೋದ ಗೆರೆಯೂ ಇರಬಹುದು. ಹೆಜ್ಜೆಗಳ ಮುಖ ಯಾವ ಕಡೆಗೆ ಎಂದು ನೋಡಿಕೊಂಡು ಮರುದಿನ ಪುಡಿಯ ಪಟ್ಟಿಯನ್ನು ಆ ಕಡೆಗೆ ಸರಿಸುತ್ತ ಹೋದರೆ ನುಸುಳುವ ಕಂಡಿ ಸಿಗುತ್ತದೆ.

ಓಡಾಟದ ದೂರವೂ ಉಪಯುಕ್ತ ಸುಳಿವು. ಚಿಟ್ಟಿಲಿ ಗೂಡಿನಿಂದ ಸಾಮಾನ್ಯವಾಗಿ 10 ಮೀಟರ್ ದಾಟಿ ಹೋಗುವುದಿಲ್ಲ, ಅಂದರೆ ಗುರುತು ಅಡುಗೆಮನೆಯಲ್ಲಿದ್ದರೆ ಗೂಡು ಅದೇ ಮನೆಯಲ್ಲಿದೆ ಎಂದೇ ಅರ್ಥ. ದೊಡ್ಡ ಇಲಿಗಳು 30ರಿಂದ 50 ಮೀಟರ್ ದೂರದಿಂದಲೂ ಬಂದು ಉಂಡು ಹೋಗುತ್ತವೆ. ಅವುಗಳ ವಾಸ ಕಟ್ಟಡದ ಡಕ್ಟಿನಲ್ಲೋ (ಪೈಪುಗಳು ಮೇಲಿಂದ ಕೆಳಗೆ ಇಳಿಯುವ ಕಿರಿದಾದ ಸಂದು) ಅಂಗಳದಲ್ಲೋ ಇದ್ದೀತು. ಅವಕ್ಕೆ ದಿನವೂ ನೀರು ಬೇಕು, ಚಿಟ್ಟಿಲಿಗೆ ತಿನ್ನುವ ಪದಾರ್ಥದಲ್ಲಿರುವ ತೇವವೇ ಬಹುಪಾಲು ಸಾಕು. ದೊಡ್ಡ ಇಲಿಯ ಗುರುತುಗಳು ಬಚ್ಚಲು, ಏಸಿಯ ನೀರು ಸುರಿಯುವ ಜಾಗ ಮತ್ತು ಸಿಂಕಿನ ಸುತ್ತ ಹೆಚ್ಚಾಗಿ ಸಿಗುವುದು ಇದರಿಂದಲೇ.

ಹಲ್ಲಿನ ಗುರುತು

ಹಲ್ಲಿನ ಗುರುತನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ನೋಡಬೇಕೆಂದರೆ ಕೊಬ್ಬರಿಯ ಗಿಟುಕನ್ನೋ ಬಚ್ಚಲಿನ ಸೋಪನ್ನೋ ಕೈಗೆತ್ತಿಕೊಳ್ಳಬೇಕು. ಎರಡರಲ್ಲೂ ಎಣ್ಣೆಯ ಅಂಶವಿರುವುದರಿಂದ ಇಲಿ ಅವನ್ನು ಬಿಡುವುದಿಲ್ಲ, ಮತ್ತು ಎರಡೂ ಅಚ್ಚು ಹಿಡಿಯುವಷ್ಟು ಮೃದು. ಅಂಚಿನುದ್ದಕ್ಕೂ ಪಕ್ಕಪಕ್ಕದಲ್ಲಿ ಎರಡೆರಡು ಸಣ್ಣ ತೋಡುಗಳು ಜೋಡಿಯಾಗಿ ಕೊರೆದಿರುತ್ತವೆ. ಈ ಜೋಡಿಯ ಒಟ್ಟು ಅಗಲ 1ರಿಂದ 2 ಮಿಲಿಮೀಟರ್ ಇದ್ದರೆ ಚಿಟ್ಟಿಲಿ, 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಇಲಿ. ಮಕ್ಕಳ ಕಂಪಾಸು ಪೆಟ್ಟಿಗೆಯ ಅಡಿಕೋಲು ಇದಕ್ಕೆ ಸಾಕು.

ಕಟ್ಟಿಗೆಯ ಬಾಗಿಲಿನ ಕೆಳ ಅಂಚು, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೂಲೆ, ನೈಲಾನ್ ಸೊಳ್ಳೆಪರದೆಯ ಕಿಟಕಿ ಇವೂ ಕಡಿತಕ್ಕೆ ಸಿಗುವ ವಸ್ತುಗಳೇ. ಹೊಸದಾಗಿ ಕಡಿದ ಮರ ಒಳಬಣ್ಣ ಕಾಣುವಂತೆ ತಿಳಿಯಾಗಿರುತ್ತದೆ, ಅದರ ಕೆಳಗೆ ಪುಡಿ ಬಿದ್ದಿರುತ್ತದೆ. ದಿನ ಕಳೆದಂತೆ ಆ ಜಾಗ ಕಪ್ಪಾಗುತ್ತದೆ. ವಾಷಿಂಗ್ ಮೆಷಿನ್ನಿನ ನೀರು ಹೊರಹೋಗುವ ಪೈಪು ಇದ್ದಕ್ಕಿದ್ದಂತೆ ಸೋರತೊಡಗಿದರೆ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಮೆಷಿನ್ನಿನ ಅಡಿಗೆ ಟಾರ್ಚು ಹಾಕಿ ನೋಡುವುದು ಒಳ್ಳೆಯದು.

ಅಕ್ಕಿಯ ಚೀಲದ ವಿಷಯದಲ್ಲಿ ಹುಳದ ಕೆಲಸವನ್ನೂ ಇಲಿಯ ಕೆಲಸವನ್ನೂ ಬೇರ್ಪಡಿಸಿ ನೋಡಬೇಕು. ಹುಳ ಹಿಡಿದ ಅಕ್ಕಿಯಲ್ಲಿ ಕಾಳಿಗೆ ಸಣ್ಣ ದುಂಡನೆಯ ತೂತು ಬಿದ್ದು ತಳದಲ್ಲಿ ಬಿಳಿಯ ಹಿಟ್ಟು ಸೇರಿರುತ್ತದೆ. ಇಲಿ ತಿಂದಿದ್ದರೆ ಚೀಲದ ಕೆಳಮೂಲೆಯಲ್ಲಿ ಅಂಚು ಹರಿದ ಕಂಡಿ ಇರುತ್ತದೆ, ಹೊರಗೆ ಚೆಲ್ಲಿದ ಕಾಳುಗಳಲ್ಲಿ ಅರ್ಧ ಕಡಿದು ಬಿಟ್ಟವು ಇರುತ್ತವೆ. ಚಿಟ್ಟಿಲಿ ಒಂದೇ ಕಡೆ ಕೂತು ಹೊಟ್ಟೆತುಂಬ ತಿನ್ನುವುದಿಲ್ಲ, ಇಲ್ಲಿಷ್ಟು ಅಲ್ಲಿಷ್ಟು ಮುಕ್ಕಿ ಹತ್ತು ಪೊಟ್ಟಣ ಹಾಳುಮಾಡುತ್ತದೆ. ದೊಡ್ಡ ಇಲಿ ಒಂದೇ ಚೀಲಕ್ಕೆ ಹಿಂದಿರುಗಿ ಬರುತ್ತದೆ. ಹೆಗ್ಗಣವಾದರೆ ತಿಂದು ಉಳಿದದ್ದನ್ನು ಬಿಲಕ್ಕೂ ಸಾಗಿಸುತ್ತದೆ.

ಅಪಾಯದ ದೃಷ್ಟಿಯಿಂದ ಮೊದಲು ನೋಡಬೇಕಾದವು ವಿದ್ಯುತ್ ವೈರು ಮತ್ತು ಗ್ಯಾಸಿನ ರಬ್ಬರ್ ಪೈಪು. ವೈರಿನ ಹೊದಿಕೆ ಕಿತ್ತು ತಾಮ್ರ ಕಂಡರೆ ಶಾರ್ಟ್ ಸರ್ಕ್ಯೂಟಿಗೆ, ಬೆಂಕಿಗೆ ಅದೇ ಕಾರಣವಾಗಬಹುದು. ಮುಚ್ಚಿದ್ದ ಮನೆಯನ್ನು ತೆರೆದವರು ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಕಿಟಕಿಗಳನ್ನು ತೆರೆದು, ರೆಗ್ಯುಲೇಟರು ಅಥವಾ ವಾಲ್ವು ಬಂದ್ ಮಾಡಬೇಕು. ವಾಸನೆ ಇಲ್ಲದಿದ್ದರೂ ಒಲೆ ಹಚ್ಚುವ ಮೊದಲು ಪೈಪನ್ನು ತುದಿಯಿಂದ ತುದಿಗೆ ಕೈಯಾಡಿಸಿ ನೋಡಬೇಕು. ಒಳಗೆ ಉಕ್ಕಿನ ತಂತಿ ಹೆಣೆದಿರುವ ಸುರಕ್ಷಾ ಪೈಪು ಬರಿಯ ರಬ್ಬರಿನದಕ್ಕಿಂತ ಎಷ್ಟೋ ಮೇಲು.

ಸದ್ದು ಮತ್ತು ವಾಸನೆ

ಫಾಲ್ಸ್ ಸೀಲಿಂಗಿನ ಮೇಲೆ ಪರಪರ ಕೆರೆಯುವ, ಟಕಟಕ ಓಡುವ ಸದ್ದು ದೀಪ ಆರಿಸಿದ ಅರ್ಧ ಗಂಟೆಯೊಳಗೆ ಶುರುವಾದರೆ ಇಲಿಯನ್ನು ಶಂಕಿಸಬಹುದು. ಬೆಳಗಿನ ಜಾವ ಕಿಟಕಿಯ ಛಜ್ಜಾದ ಕಡೆಯಿಂದ, ಏಸಿಯ ಪೆಟ್ಟಿಗೆಯ ಹಿಂದಿನಿಂದ ಕೇಳಿಬರುವ ಕೆರೆತ ಮಾತ್ರ ಮುಂಬೈಯಲ್ಲಿ ಬಹುತೇಕ ಪಾರಿವಾಳದ್ದು. ಅದು ಕತ್ತಲಲ್ಲಿ ಓಡಾಡುವುದಿಲ್ಲ.

ಇಲಿ ಹೆಚ್ಚಾಗಿರುವ ಮುಚ್ಚಿದ ಕಪಾಟು ತೆರೆದೊಡನೆ ಮೂತ್ರದ ಘಾಟು ಮೂಗಿಗೆ ಹೊಡೆಯುತ್ತದೆ. ಕೊಳೆತ ವಾಸನೆ ಬೇರೆಯದು: ಗೋಡೆಯ ಸಂದಿಯಲ್ಲೋ ಅಟ್ಟದ ಮೇಲೋ ಇಲಿ ಸತ್ತಿದೆ ಎಂದು ಅದರ ಅರ್ಥ. ವಿಷ ಇಟ್ಟ ಮನೆಗಳಲ್ಲಿ ಇದು ಸಾಮಾನ್ಯ. ವಿಷ ತಿಂದ ಇಲಿ ಮನೆ ಬಿಟ್ಟು ಹೊರಗೆ ಹೋಗಿಯೇ ಸಾಯುತ್ತದೆ ಎಂಬ ಅಂಗಡಿಯವರ ಮಾತಿಗೆ ಆಧಾರವಿಲ್ಲ.

ಗೂಡು, ಬಿಲ ಮತ್ತು ಬರುವ ದಾರಿ

ಹರಿದ ಕಾಗದ, ಹತ್ತಿ, ಹಳೆಯ ಸೀರೆಯ ಚೂರು, ಪ್ಲಾಸ್ಟಿಕ್ ಚೀಲದ ಎಳೆಗಳು ಉಂಡೆಯಾಗಿ ಒಂದು ಮೂಲೆ ಸೇರಿದ್ದರೆ ಅದು ಗೂಡು. ದೀಪಾವಳಿಗೊಮ್ಮೆ ಮಾತ್ರ ಇಳಿಸುವ ಪಾತ್ರೆಗಳ ಹಿಂದೆ, ಹಾಸಿಗೆಯ ಪೆಟ್ಟಿಗೆಯೊಳಗೆ, ಸೋಫಾದ ಅಡಿಯ ಬಟ್ಟೆಯ ಹರಕಿನಲ್ಲಿ, ನಿಲ್ಲಿಸಿಟ್ಟ ಕಾರಿನ ಬಾನೆಟ್ಟಿನೊಳಗೆ ಕೂಡ ಇದು ಸಿಗುತ್ತದೆ.

ಮನೆಯೊಳಗೆ ಬರಲು ಬೇಕಾದ ಕಂಡಿ ನಾವು ಊಹಿಸುವುದಕ್ಕಿಂತ ಬಹಳ ಸಣ್ಣದು. ಪೆನ್ಸಿಲ್ ತೂರುವ ಕಂಡಿಯಲ್ಲಿ, ಅಂದರೆ 6 ಮಿಲಿಮೀಟರಿನ ಸಂದಿಯಲ್ಲಿ, ಚಿಟ್ಟಿಲಿ ನುಸುಳಬಲ್ಲದು; ದೊಡ್ಡ ಇಲಿಗೆ ಹೆಬ್ಬೆರಳು ತೂರುವಷ್ಟು ಇದ್ದರೆ ಸಾಕು, ಕಡಿಮೆ ಬಿದ್ದರೆ ಕಡಿದು ದೊಡ್ಡದು ಮಾಡಿಕೊಳ್ಳುತ್ತದೆ. ಮುಂಬೈ ಮನೆಗಳಲ್ಲಿ ಈ ದೃಷ್ಟಿಯಿಂದ ಮೊದಲು ನೋಡಬೇಕಾದದ್ದು ಬಚ್ಚಲಿನ ನಹಾನಿ ಟ್ರ್ಯಾಪು, ಅಂದರೆ ನೆಲದ ನೀರು ಇಳಿದುಹೋಗುವ ಜಾಲರಿಯ ಕಂಡಿ. ನೀರು ಬೇಗ ಹೋಗಲೆಂದು ಅದರ ಜಾಲರಿಯನ್ನು ತೆಗೆದಿಟ್ಟು ಮರೆಯುವವರು ಬಹಳ. ಮನೆ ಮುಚ್ಚಿದ ದಿನಗಳಲ್ಲಿ ಟ್ರ್ಯಾಪಿನ ನೀರು ಆರಿಹೋದರಂತೂ ಕೆಳಗಿನ ಚೇಂಬರಿನಿಂದ ಮೇಲಿನ ತನಕ ದಾರಿ ಸಲೀಸು. ನಂತರ ಸಿಂಕಿನಡಿಯ ಪೈಪು ಗೋಡೆ ಹೊಗುವ ಜಾಗ, ಏಸಿಯ ಪೈಪಿಗಾಗಿ ಕೊರೆದ ತೂತು, ಎಕ್ಸಾಸ್ಟ್ ಫ್ಯಾನಿನ ಕಿಂಡಿ ಮತ್ತು ಮುಂಬಾಗಿಲಿನ ಕೆಳಸಂದು.

ಆದರೆ ಮನೆಯ ನಾಲ್ಕು ಗೋಡೆಗಳೊಳಗೇ ಹುಡುಕಾಟ ಮುಗಿಸಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಹಳೆಯ ಕಟ್ಟಡಗಳ ಎರಡು ಗೋಡೆಗಳ ನಡುವೆ ಕಸ ಬಿದ್ದು ಕೊಳೆಯುವ ಹೌಸ್ ಗಲ್ಲಿ, ಚಾಲುಗಳೆಂಬ ಸಾಲುಕೋಣೆಗಳ ವಠಾರಗಳ ಜೋಡಿ ಅಟ್ಟ, ಹೊಸ ಕಟ್ಟಡಗಳ ಪ್ಲಂಬಿಂಗ್ ಡಕ್ಟು, ಮುಚ್ಚಳ ಒಡೆದ ಡ್ರೈನೇಜ್ ಚೇಂಬರು, ಒದ್ದೆಕಸದ ಡಬ್ಬಿ ಇಡುವ ಮೂಲೆ, ಇವನ್ನೆಲ್ಲ ನೋಡಬೇಕು. ಅಂಗಳದ ಪೇವರ್ ಬ್ಲಾಕುಗಳು ಒಂದು ಕಡೆ ಕುಸಿದು ಪಕ್ಕದಲ್ಲಿ ಸಡಿಲ ಮಣ್ಣಿನ ಗುಪ್ಪೆ ಎದ್ದಿದ್ದರೆ ಅಡಿಯಲ್ಲಿ ಹೆಗ್ಗಣದ ಬಿಲ ಇದೆ. ಬಿಲ ಬಳಕೆಯಲ್ಲಿದೆಯೇ ಎಂದು ತಿಳಿಯಲು ಸಂಜೆ ಅದರ ಬಾಯಿಗೆ ಮುದ್ದೆ ಮಾಡಿದ ಪತ್ರಿಕೆಯ ಕಾಗದ ತುರುಕಿ ಮರುದಿನ ನೋಡಬೇಕು; ಕಾಗದ ಹೊರಬಿದ್ದಿದ್ದರೆ ಅಥವಾ ಒಳಗೆಳೆದಿದ್ದರೆ ಒಳಗೆ ಜೀವವಿದೆ.

ಇದುವರೆಗೆ ಇಲಿಯೇ ಕಾಣದಿದ್ದ ಕಟ್ಟಡದಲ್ಲಿ ಒಮ್ಮೆಲೇ ಎಲ್ಲ ಮಹಡಿಗಳಿಂದ ದೂರು ಬರತೊಡಗಿದರೆ ನೆರೆಯ ಪ್ಲಾಟಿನತ್ತ ನೋಡಬೇಕು. ರೀಡೆವಲಪ್‌ಮೆಂಟಿಗಾಗಿ ಹಳೆಯ ಕಟ್ಟಡ ಕೆಡವಿದಾಗ, ಪಾಯ ತೋಡಿದಾಗ, ಅಲ್ಲಿನ ಇಲಿಗಳಿಗೆ ನೆಲೆ ತಪ್ಪಿ ಅವು ಹತ್ತಿರದ ಕಾಂಪೌಂಡುಗಳಿಗೆ ಹರಡುತ್ತವೆ.

ಎಷ್ಟಿರಬಹುದು?

ನಿಖರವಾದ ಎಣಿಕೆ ಯಾರಿಗೂ ಸಾಧ್ಯವಿಲ್ಲ. ಹಿಕ್ಕೆ ಒಂದೇ ಮೂಲೆಯಲ್ಲಿ ಮಾತ್ರ ಸಿಕ್ಕರೆ ಒಂದೆರಡು ಇಲಿಗಳಿರಬಹುದು. ಪ್ರತಿ ಕೋಣೆಯಲ್ಲೂ ಹೊಸ ಹಿಕ್ಕೆ, ಕಪ್ಪು ಪಟ್ಟೆ, ರಾತ್ರಿಯ ಸದ್ದು ಎಲ್ಲವೂ ಸೇರಿ ಬಂದರೆ ಸಂಸಾರವೇ ಬೆಳೆದಿದೆ. ಹಗಲು ಹೊತ್ತಿನಲ್ಲಿ ಇಲಿ ಕಾಣಿಸಿಕೊಂಡರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಸಂಖ್ಯೆ ಹೆಚ್ಚಿ ರಾತ್ರಿಯ ಆಹಾರ ಎಲ್ಲಕ್ಕೂ ಸಾಲದಾದಾಗ ದುರ್ಬಲವಾದವು ಹಗಲಿನಲ್ಲಿ ಹೊರಬೀಳುತ್ತವೆ.

ತಡಮಾಡಬಾರದು ಎನ್ನುವುದಕ್ಕೆ ಕಾರಣ ಅವುಗಳ ಸಂತಾನದ ವೇಗ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಒಂದು ಸೂಲಿಗೆ ಐದಾರರಿಂದ ಹತ್ತರವರೆಗೆ ಮರಿಗಳು. ಚಿಟ್ಟಿಲಿಯ ಮರಿ 6ರಿಂದ 8 ವಾರಗಳಲ್ಲಿ ತಾನೇ ಮರಿಹಾಕಲು ಸಿದ್ಧವಾಗುತ್ತದೆ. ಚಳಿಯಿಲ್ಲದ ಮುಂಬೈಯಲ್ಲಿ ವರ್ಷದ ಯಾವ ತಿಂಗಳಲ್ಲೂ ಇದಕ್ಕೆ ಬಿಡುವಿಲ್ಲ.

ಇದು ಬರಿಯ ಕಿರಿಕಿರಿಯಲ್ಲ ಏಕೆ?

ಇಲಿ ಮತ್ತು ಮುಂಬೈಯ ಸಂಬಂಧದಲ್ಲಿ 1896 ಮರೆಯಲಾಗದ ವರ್ಷ. ಆ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಕಾಯಿಲೆ ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯರಿಗೆ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ನಮ್ಮ ಕಡೆಯ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದ ಮಾತುಗಳನ್ನು ಹಿರಿಯರಿಂದ ಕೇಳಿದವರಿದ್ದಾರೆ. ಇಂದು ಪ್ಲೇಗಿನ ಭಯವಿಲ್ಲವಾದರೂ, ಯಾರೂ ವಿಷ ಇಡದೆ ಒಂದಕ್ಕಿಂತ ಹೆಚ್ಚು ಇಲಿಗಳು ಸತ್ತುಬಿದ್ದರೆ ಪಾಲಿಕೆಯ ವಾರ್ಡ್ ಕಚೇರಿಗೆ ತಿಳಿಸುವುದು ಉಚಿತ.

ಈಗಿನ ಮುಂಬೈಗೆ ಹೆಚ್ಚು ಸಂಬಂಧಿಸಿದ್ದು ಲೆಪ್ಟೋಸ್ಪೈರೋಸಿಸ್, ಜನ ಇಲಿಜ್ವರ ಎನ್ನುವ ಕಾಯಿಲೆ. ಸೋಂಕು ತಗುಲಿದ ಇಲಿಯ, ಕೆಲವೊಮ್ಮೆ ನಾಯಿ ಮತ್ತು ದನಗಳ ಮೂತ್ರ ಮಳೆನೀರಿಗೆ ಸೇರುತ್ತದೆ. ಕಾಲಿನ ಗಾಯ, ಬಿರುಕು ಅಥವಾ ಕಣ್ಣು, ಮೂಗು, ಬಾಯಿಯ ಮೂಲಕ ರೋಗಾಣು ಮೈಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ ಬಳಿಕದ ವಾರಗಳಲ್ಲಿ ಈ ಕಾಯಿಲೆ ಹಬ್ಬಿದ್ದು ಅನೇಕರಿಗೆ ನೆನಪಿದೆ. ಜ್ವರ, ತಲೆನೋವು, ಮೀನಖಂಡದ ತೀವ್ರ ನೋವು, ಕೆಂಗಣ್ಣು ಇದರ ಲಕ್ಷಣಗಳು. ಕೆಲವರಿಗೆ ಕಾಮಾಲೆ, ಮೂತ್ರಪಿಂಡದ ತೊಂದರೆಯೂ ಆಗುತ್ತದೆ. ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಮನೆಯಲ್ಲಿ ಇಲಿಯ ಗುರುತು ಕಂಡದ್ದನ್ನು, ನಿಂತ ನೀರಿನಲ್ಲಿ ನಡೆದದ್ದನ್ನು ಜ್ವರ ಬಂದಾಗ ವೈದ್ಯರಿಗೆ ತಾವಾಗಿಯೇ ಹೇಳಬೇಕು, ಏಕೆಂದರೆ ಲಕ್ಷಣಗಳು ಡೆಂಗಿ, ಮಲೇರಿಯಾಗಳನ್ನೂ ಹೋಲುತ್ತವೆ.

ಹಿಕ್ಕೆಯನ್ನು ಪೊರಕೆಯಿಂದ ಒಣಗಿದ್ದಂತೆಯೇ ಗುಡಿಸಬಾರದು, ಧೂಳಿನ ಜೊತೆ ರೋಗಾಣು ಉಸಿರಿಗೆ ಸೇರುವ ಸಂಭವವಿದೆ. ಕಿಟಕಿ ತೆರೆದು, ರಬ್ಬರ್ ಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಿಂದ ಜಾಗವನ್ನು ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು, ಕಾಗದದಿಂದ ಒರಸಿ ತೆಗೆದು ಚೀಲದಲ್ಲಿ ಕಟ್ಟಿ ಎಸೆಯಬೇಕು. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ವಿಷಾನಿಲ ಏಳುತ್ತದೆ, ಅದನ್ನು ಎಂದಿಗೂ ಮಾಡಬಾರದು.

ಗುರುತು ಸಿಕ್ಕಮೇಲೆ

ಕಂಡಿ ಮುಚ್ಚುವುದೇ ಮುಖ್ಯ ಕೆಲಸ. ಬೋನು, ಔಷಧಿ ಎಲ್ಲ ಅದರ ಜೊತೆಗಿನವು. ಸ್ಟೀಲಿನ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿದರೆ ನಿಲ್ಲುತ್ತದೆ; ಬಟ್ಟೆ, ಥರ್ಮಾಕೋಲ್, ಫೋಮ್ ತುರುಕಿದ್ದು ಒಂದೆರಡು ರಾತ್ರಿಯ ಮಾತು. ನಹಾನಿ ಟ್ರ್ಯಾಪಿಗೆ ಸ್ಕ್ರೂ ಬಿಗಿಯುವ ಸ್ಟೀಲ್ ಜಾಲರಿ ಹಾಕಿಸಬೇಕು. ಅಕ್ಕಿ, ಬೇಳೆ, ಕೊಬ್ಬರಿಗಳು ಸ್ಟೀಲ್ ಡಬ್ಬಿಗೆ ಹೋಗಬೇಕು.

ಇಲಿಬೋನನ್ನು ಕೋಣೆಯ ನಡುವೆ ಇಡದೆ, ಕಪ್ಪು ಪಟ್ಟೆ ಅಥವಾ ಹೆಜ್ಜೆ ಕಂಡ ಗೋಡೆಯ ಬುಡಕ್ಕೇ ಇಡಬೇಕು. ದೊಡ್ಡ ಇಲಿಗಳು ಹೊಸ ವಸ್ತುವನ್ನು ಕಂಡರೆ ಕೆಲವು ದಿನ ಹತ್ತಿರ ಸುಳಿಯುವುದಿಲ್ಲ. ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ತೆರೆದೇ ಕಟ್ಟಿಟ್ಟು, ಒಳಗೆ ಸುಟ್ಟ ಕೊಬ್ಬರಿಯ ಚೂರು ಹಾಕಿ, ಅದು ತಿಂದು ಹೋಗುವುದು ರೂಢಿಯಾದ ಮೇಲೆ ಬಾಗಿಲು ಹೂಡಬೇಕು. ಚಿಟ್ಟಿಲಿಗೆ ಈ ಅಂಜಿಕೆ ಕಡಿಮೆ, ಮೊದಲ ರಾತ್ರಿಯೇ ಸಿಕ್ಕಿಬೀಳಬಹುದು. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ವಿಷದ ಪೇಸ್ಟು ಬೇಡವೇ ಬೇಡ. ಹಳದಿ ರಂಜಕದ ಪೇಸ್ಟು ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತು ಕೆಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಬೃಹನ್ಮುಂಬೈ ಮಹಾನಗರ ಪಾಲಿಕೆಯ ಕೀಟನಾಶಕ ವಿಭಾಗಕ್ಕೆ ಇಲಿ ನಿಯಂತ್ರಣದ ಹೊಣೆಯಿದೆ. ಟಾರ್ಚು ಮತ್ತು ಕೋಲು ಹಿಡಿದು ರಾತ್ರಿಯಿಡೀ ಗಲ್ಲಿಗಳಲ್ಲಿ ಇಲಿ ಕೊಲ್ಲುವ, ರಾತ್ರಿಗೆ 30 ಇಲಿಗಳ ಗುರಿಯಿರುವ ನೌಕರರ ಪಡೆಯನ್ನೂ ಅದು ಇಟ್ಟುಕೊಂಡು ಬಂದಿದೆ. ಮನೆಯ ಹೊರಗಿನ ಬಿಲ, ಗಟಾರ, ರಸ್ತೆಬದಿಯ ಸಮಸ್ಯೆಗೆ ವಾರ್ಡ್ ಕಚೇರಿಯಲ್ಲಿ ದೂರು ಕೊಡಬಹುದು. ಕಟ್ಟಡದ ಡಕ್ಟು, ಚೇಂಬರು ಮತ್ತು ಅಂಗಳ ಸೊಸೈಟಿಯ ಜವಾಬ್ದಾರಿ; ಒಂದು ಫ್ಲ್ಯಾಟಿನವರು ಮಾತ್ರ ಪೆಸ್ಟ್ ಕಂಟ್ರೋಲ್ ಮಾಡಿಸಿದರೆ ಇಲಿ ಪಕ್ಕದ ಫ್ಲ್ಯಾಟಿಗೆ ಹೋಗಿ ಕೆಲವು ವಾರಗಳಲ್ಲಿ ಮರಳುತ್ತದೆ. ಆದ್ದರಿಂದ ಕಮಿಟಿಗೆ ಬರೆಯುವ ಪತ್ರದಲ್ಲಿ ಇಲಿ ಕಾಟ ಎಂದಷ್ಟೇ ಬರೆಯದೆ, ಯಾವ ತಾರೀಕಿನಂದು ಯಾವ ಜಾಗದಲ್ಲಿ ಯಾವ ಗುರುತು ಕಂಡಿತು ಎಂಬುದನ್ನು ಫೋಟೋ ಸಹಿತ ಕೊಟ್ಟರೆ ಔಷಧಿ ಹಾಕುವವರಿಗೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ. ನೆರೆಯ ಕಟ್ಟಡ ಕೆಡವುವ ನೋಟಿಸು ಬಿದ್ದಿದ್ದರೆ ಚೇಂಬರಿನ ಮುಚ್ಚಳ ಮತ್ತು ಡಕ್ಟಿನ ಜಾಲರಿಗಳ ಕೆಲಸವನ್ನು ಜೆಸಿಬಿ ಬರುವ ಮೊದಲೇ ಮುಗಿಸಿಕೊಳ್ಳುವಂತೆ ಅದೇ ಪತ್ರದಲ್ಲಿ ಸೇರಿಸಬಹುದು.